ಎಡಗೈಯ ದೇವಿ

ರೋಮಿನ ಟಂಕಸಾಲೆಯ ಒಡೆಯರಾದ ವೊಲೂಸಿಯಸ್ ಅವರಿಗೆ, ಅಚ್ಚು ಕೊರೆಯುವ ಎಪಾಫ್ರನ ಮಗಳ ನಮಸ್ಕಾರಗಳು.

ಹೊಸ ಕಂಚಿನ ನಾಣ್ಯದಲ್ಲಿ ಹೆತ್ತವರ ಮೇಲಿನ ಭಕ್ತಿಯ ದೇವಿ ಪಿಯೆತಾಸ್ ಎಡಗೈಯಲ್ಲಿ ಅರ್ಘ್ಯ ಸುರಿಯುತ್ತಿದ್ದಾಳೆ, ಅಪಶಕುನ ಎಂದು ಅಪ್ಪನನ್ನು ಹಿಡಿಸಿದ್ದೀರಿ. ತಪ್ಪು ನನ್ನದು. ಅಪ್ಪನ ಕಣ್ಣು ಮಂಜಾಗಿ ಎರಡು ವರ್ಷವಾಯಿತು. ಆಮೇಲೆ ತಾವು ಹೊಗಳಿದ ದೇವರುಗಳೆಲ್ಲ ನನ್ನ ಕೈಯವು. ನಾಣ್ಯದ ಮೇಲೆ ಎಲ್ಲ ತಿರುಗಿ ಮೂಡುವುದರಿಂದ ಅಚ್ಚಿನಲ್ಲಿ ಬಲವನ್ನು ಎಡವಾಗಿ ಕೊರೆಯಬೇಕು. ಅಮ್ಮನ ಚಿತೆಯಿಂದ ಮರಳಿದ ದಿನ ಅದನ್ನು ಮರೆತೆ.

ನಾಣ್ಯಗಳು ಪೇಟೆ ಸೇರಿದ ಮೇಲೆ ಅಪ್ಪ ಒಂದನ್ನು ಹೆಬ್ಬೆರಳಿನಿಂದ ಸವರಿ, "ಏನೇ, ನಿನ್ನ ದೇವಿ ಎಡಚಿಯೇನೇ?" ಎಂದು ನಕ್ಕರು. ಕಾವಲಿನವರು ಬಾಗಿಲು ಬಡಿದಾಗ ಮಾತ್ರ, "ನೀನು ಬಾಯ್ಮುಚ್ಚಿಕೊಂಡು ಬೇಳೆ ಬೇಯಿಸು" ಎಂದು ತಾವೇ ಎದ್ದು ಹೋದರು.

ಅಪ್ಪನನ್ನು ಮನೆಗೆ ಕಳಿಸಿ. ಚಾವಟಿಯೇಟು ನನಗಿರಲಿ, ಆದರೆ ಬೆನ್ನಿಗಿರಲಿ. ದೇವಿಯನ್ನು ಸರಿಯಾಗಿ ಕೊರೆದುಕೊಡಲು ಕೈ ಬೇಕು.

ತಮ್ಮ ಬಾಗಿಲಲ್ಲೇ ನಿಂತಿರುವ,
ಟರ್ಟುಲ್ಲಾ