ಪೂಜೆಯಿಂದ ತುಕ್ಕು ಹಿಡಿದ ಕೋವಿ

ಸ್ವರ್ಗದಲ್ಲೂ ಪಟೇಲಿಕೆ ನಡೆಸುತ್ತಿರಬಹುದಾದ ಅಪ್ಪನಿಗೆ,

ನಿನ್ನ ಕೋವಿ ಕ್ಷೇಮ. ನೀನು ಮೊದಲು ಕೇಳುವುದೇ ಅದನ್ನು, ಅದಕ್ಕೇ ಮೊದಲು ಬರೆದೆ. ಹಂದಿ ಸೀಳಿದ ತೊಡೆ ಹಿಡಿದುಕೊಂಡು ಜಗಲಿಯ ಮೇಲೆ ತಮ್ಮ ಪುಟ್ಟ ಒದ್ದಾಡುತ್ತಿದ್ದಾಗ ನೀನು ಓಡಿಬಂದು ಕೇಳಿದ್ದು ನೆನಪಿದೆಯಾ? "ಕೋವಿಗೇನಾರ ಆಯ್ತೇನ್ಲಾ?" ಅವನು ನಿನ್ನ ಕಿರಿಮಗ. ಕೋವಿ ಹಿರಿಮಗ. ನಾನು ಎಷ್ಟನೆಯವನೋ, ಕೇಳುವ ಧೈರ್ಯ ನನಗೆ ಬರಲೇ ಇಲ್ಲ.

ಆಯುಧಪೂಜೆಯ ದಿನ ನಿನ್ನ ಭಕ್ತಿ ಏನು ಹೇಳಲಿ! ಕೋವಿಯನ್ನು ಗೋಡೆಯಿಂದ ಇಳಿಸಿ, ಬಾವಿನೀರಿನಲ್ಲಿ ಮೀಯಿಸಿ, ನಳಿಗೆಗೆ ಹಸಿ ವಿಭೂತಿ ಎಳೆದು, ಅರಿಶಿನ ಕುಂಕುಮವಿಟ್ಟು, ಮೇಲೆ ತೆಂಗಿನಕಾಯಿ ನೀರು. ಒರೆಸಲು ಹೋದ ಪುಟ್ಟನ ಕೈಗೆ ಏಟು. "ಬುಡ್ಲಾ, ದೇವ್ರು ಕುಂತವ್ನೆ!" ಎಣ್ಣೆ ಸವರಿದರೆ ಅಪಚಾರ. ಒದ್ದೆ ಮೈಯಲ್ಲೇ ಮತ್ತೆ ಗೋಡೆಗೆ, ಮುಂದಿನ ಪೂಜೆಯ ತನಕ. ಹಂದಿ ಕಬ್ಬಿಗೆ ನುಗ್ಗಿದ ದಿನ ಪುಟ್ಟ ಮದ್ದುಗುಂಡು ತುಂಬಿಕೊಂಡು ಹೋದ. ತುಕ್ಕಿನಲ್ಲಿ ಕಚ್ಚಿಕೊಂಡ ಕೋವಿಯ ಕುದುರೆ ಎಷ್ಟು ಎಳೆದರೂ ಅಲುಗಲಿಲ್ಲ. ಹಂದಿ ಮಾತ್ರ ಯಾವ ಪೂಜೆಯೂ ಇಲ್ಲದೆ ತನ್ನ ಕೆಲಸ ಮಾಡಿತು.

ನೀನು ಹೋದ ಮೇಲೆ ಅವ್ವ ಆ ಕೋವಿಯನ್ನು ಸರ್ಕಾರಕ್ಕೆ ಒಪ್ಪಿಸಿಬಿಡಿ ಅಂದಳು. ಪುಟ್ಟ ಕುಂಟುತ್ತ ಬಂದು ಅದನ್ನು ಕಂಕುಳಲ್ಲಿ ಅವುಚಿಕೊಂಡ. "ನನ್ ಕಾಲು ತಿಂದದೆ ಕಣವ್ವ, ಇನ್ ದುಡೀಲಿ." ಹನಕೆರೆಯಲ್ಲಿ ರೈಲು ಹತ್ತಿ ಮದ್ದೂರಿಗೆ ಹೋದೆವು. ಸೈಕಲ್ಲು, ಬೀಗ, ಕೋವಿ ಎಲ್ಲ ರಿಪೇರಿ ಮಾಡುವ ಸಾಬ್ಜಾನಣ್ಣ ನಳಿಗೆಯೊಳಗೆ ಸಲಾಕೆ ಇಳಿಸಿ ಬೆಚ್ಚಿಬಿದ್ದ. "ಅಯ್ಯಯ್ಯೋ, ಮದ್ದು ಒಳ್ಗೇ ಐತಲ್ರಪ್ಪ!" ಹಂದಿಗೆಂದು ತುಂಬಿದ್ದು ಅದು. ಆಮೇಲೂ ನೀನು ಅದರ ಮುಂದೆ ಕರ್ಪೂರ ಬೆಳಗಿದೆಯಲ್ಲ ಅಪ್ಪ, ಒಂದು ಕಿಡಿ ಹಾರಿದ್ದರೆ...

ಸಾಬ್ಜಾನಣ್ಣ ಮದ್ದು ತೆಗೆದು, ನಮ್ಮ ಆಲೆಮನೆಗೇ ಬಂದು ಕೂತ. ಯುದ್ಧದ ಕಾಲ, ದೀಪಕ್ಕೇ ಸೀಮೆಎಣ್ಣೆ ಇಲ್ಲ. ಇದ್ದದ್ದನ್ನು ನಿನ್ನ ಹಿರಿಮಗನೇ ಕುಡಿದ. ಇಟ್ಟಿಗೆಪುಡಿಯಲ್ಲಿ ಉಜ್ಜಿದಂತೆ ಬಿಳಿ ಕಬ್ಬಿಣ ಕಂಡಿತು, ವಿಭೂತಿ ಎಳೆದಲ್ಲಿ ಮಾತ್ರ ಗುಳಿ. "ನಿಮ್ಮಪ್ಪಾರ್ ಬೆರಳು. ಇದು ಓಗಾಕಿಲ್ಲ." ಆಮೇಲೆ ನವಸಾಗರದ ಉಪ್ಪು ಕದಡಿದ ನೀರು ಬಳಿದು, ಬೇಕೆಂದೇ ಮತ್ತೆ ತುಕ್ಕು ಬರಿಸಿದ. ಪುಟ್ಟ ಹಾರಿಬಿದ್ದ. "ನಮ್ಮಪ್ಪನ್ ತರಾನೇ ಮಾಡ್ತಿದ್ದೀಯಲ್ಲಣ್ಣ!"

"ನಿಮ್ಮಪ್ಪ ಬೇಯುಸ್ನಿಲ್ಲ ಕಣ್ಲಾ. ಬೇಯ್ಸುದ್ರೆ ಕೆಂಪು ತುಕ್ಕು ಕರ್ರಗಾಯ್ತದೆ, ಮೇಲೆ ಎಣ್ಣೆ ಕುಡುದ್ರೆ ಅದೇ ಕಬ್ಬಿಣಾನ ಕಾಯ್ತದೆ."

ಬೆಲ್ಲದ ಕೊಪ್ಪರಿಗೆ ತಿಕ್ಕಿ ತೊಳೆದು, ನೀರು ಕುದಿಸಿ, ನಳಿಗೆ ಇಳಿಸಿದೆವು. ಅವ್ವ ಎದೆ ಬಡಿದುಕೊಂಡಳು. "ಅಯ್ಯೋ, ನಿಮ್ಮಪ್ಪನ್ನೇ ಬೇಯುಸ್ದಂಗದಲ್ರೋ!" ಒಂದು ಗಳಿಗೆ ನಿಂತು ನೋಡಿದಳು. ಆಮೇಲೆ ತಾನೇ ಇನ್ನೊಂದು ಸೌದೆ ಒಲೆಗೆ ನೂಕಿದಳು.

ಈ ಸಲದ ಆಯುಧಪೂಜೆಗೆ ಅವ್ವ ನೇಗಿಲು, ಕುಡುಗೋಲು ಜೋಡಿಸಿ, ಕೋವಿಗೆಂದು ಜಾಗ ಬಿಟ್ಟು ಕಾದಳು. ಪುಟ್ಟ ಅದಕ್ಕೆ ಹರಳೆಣ್ಣೆ ಸವರಿ, ಹೆಗಲಿಗೇರಿಸಿಕೊಂಡು ಬೆಳಿಗ್ಗೆಯೇ ಗದ್ದೆಗೆ ಹೋಗಿದ್ದ. ಕಬ್ಬಿನ ಕಡೆಯಿಂದ ಢಮ್ಮೆಂದಿತು. ನಿನ್ನ ಕಾಲದಲ್ಲಿ ಊರು ಒಮ್ಮೆಯೂ ಕೇಳದ ಸದ್ದು ಅದು, ಅಪ್ಪ. ಅಲ್ಲಿಗೆ ಕೇಳಿಸಿತೇ? ಅವ್ವ ಕುಂಕುಮದ ತಟ್ಟೆಯನ್ನು ಕೆಳಗಿಟ್ಟಳು.

"ಪೂಜೆ ಆಯ್ತು ಬುಡು. ಎಲೆ ಆಕ್ಲಾ, ಮಗ ಅಸ್ಕಂಡು ಬತ್ತನೆ."