ಹತ್ತಿರದ ಆಸ್ಪತ್ರೆ

ಅಕ್ಟೋಬರ್ ೧೪, ಮಂಗಳವಾರ

ಪ್ರೀತಿಯ ಅಕ್ಕ,

ಹೇಗಿದ್ದೀಯ? ಪಾಪು ಈಗಲಾದರೂ ನಿನ್ನನ್ನು ಮಲಗಲು ಬಿಡುತ್ತಾನಾ? ನಿನ್ನ ಮೂರು ಮೆಸೇಜಿಗೂ ಬರೀ ಹೆಬ್ಬೆರಳು ಕಳಿಸಿದೆ, ಸಾರಿ. ಫೋನಿನಲ್ಲಿ ಹೇಳಲು ಬಾಯಿ ಬರಲಿಲ್ಲ, ಅದಕ್ಕೇ ಕಾಗದ. ನನ್ನದು ಕಾಲೇಜ್ ಕನ್ನಡ. ತಪ್ಪು ತಿದ್ದಿ ವಾಪಸ್ ಕಳಿಸಬೇಡ.

ಅಪ್ಪ ನಿನ್ನೆ ಗೋಡೆ ಹಿಡಿದು ಬಾಗಿಲ ತನಕ ನಡೆದರು. ಮಾತು ಮಾತ್ರ ಬಂದಿಲ್ಲ. ಅಮ್ಮ ಟೈಲರ್ ಅಂಗಡಿಯಿಂದ ಅವರ ಕತ್ತರಿ ತಂದು ಮಡಿಲಲ್ಲಿಟ್ಟಳು. ಇಷ್ಟು ವರ್ಷ ಊರವರ ಕೋಟಿಗೆ ಬಟ್ಟೆ ಕತ್ತರಿಸಿದವರು ಅದನ್ನು ಎಡಗೈಯಲ್ಲಿ ಮಂಚದ ಕೆಳಗೆ ತಳ್ಳಿಬಿಟ್ಟರು. "ಬೇಡ್ವಾ? ಸರಿ ಬಿಡಿ, ಮಹಾರಾಜರ ಮೂಡ್ ಸರಿಯಿಲ್ಲ" ಎಂದು ಅಮ್ಮ ನಕ್ಕಳು. ಆಮೇಲೆ ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ತುಂಬಾ ಹೊತ್ತು ಬರಲೇ ಇಲ್ಲ.

ಎಲ್ಲರೂ ನನ್ನನ್ನು ಹೊಗಳುತ್ತಾರೆ ಅಕ್ಕ. ಚಿಕ್ಕಪ್ಪ ಬಂದವರಿಗೆಲ್ಲ, "ನಮ್ಮ ಗುಬ್ಬಿ ಇಲ್ದಿದ್ರೆ ಬಿಲ್ ನೋಡೇ ಎರಡನೇ ಸ್ಟ್ರೋಕ್ ಆಗ್ತಿತ್ತು" ಎನ್ನುತ್ತಾನೆ. ನೀನೂ "ಜಾಣೆ" ಎಂದು ಬರೆದೆ. ದಯವಿಟ್ಟು ಇನ್ನು ಹಾಗನ್ನಬೇಡ.

ಆ ಬೆಳಿಗ್ಗೆ ಅಮ್ಮ ಕೆಲಸಕ್ಕೆ ಹೋಗಿದ್ದಳು. ಫಸ್ಟ್ ಇಯರ್ ಇಂಟರ್ನಲ್ಸಿಗೆ ಓದುತ್ತಾ ನಾನೊಬ್ಬಳೇ ಇದ್ದೆ. ಅಪ್ಪನ ಬಲಗೈಯಿಂದ ಲೋಟ ಬಿತ್ತು, ಬಾಯಿ ಒಂದು ಕಡೆ ಸೊಟ್ಟಗಾಯಿತು. ಆಂಬುಲೆನ್ಸ್ ಬೇಗನೇ ಬಂತು. "ಯಾವ ಆಸ್ಪತ್ರೆಗಮ್ಮ?" ಎಂದ ಡ್ರೈವರ್.

ನನಗೆ ಹೋದ ವರ್ಷದ ಅಮ್ಮನ ಆಪರೇಷನ್ ನೆನಪಾಯಿತು. ಆಸ್ಪತ್ರೆಯೇನೋ ಇನ್ಶೂರೆನ್ಸ್‌ನವರೇ ದುಡ್ಡು ಕಟ್ಟುವ ನೆಟ್‌ವರ್ಕ್ ಲಿಸ್ಟಿನೊಳಗಿತ್ತು, ಅರಿವಳಿಕೆ ಕೊಟ್ಟ ಡಾಕ್ಟರ್ ಹೊರಗಿನವರು. ಎಲ್ಲ ಮುಗಿಯಿತು ಅಂದುಕೊಂಡ ಮೇಲೆ ಅವರ ಬಿಲ್ ಬೇರೆಯಾಗಿ ಬಂತಲ್ಲ. ಆ ಕವರ್ ಹಿಡಿದು ಅಪ್ಪ ಮೆಟ್ಟಿಲ ಮೇಲೆ ಕೂತಿದ್ದ ರೀತಿಯನ್ನು ನೀನು ನೋಡಿಲ್ಲ. ನಾನು ನೋಡಿದ್ದೆ. ಅದಕ್ಕೇ ಫೋನಿನಲ್ಲಿ ನೆಟ್‌ವರ್ಕ್ ಲಿಸ್ಟ್ ತೆರೆದೆ.

"ಇದೇನು ಚಪ್ಪಲಿ ಅಂಗಡಿನಾ, ಆರಿಸ್ತಾ ಕೂರೋಕೆ?" ಎಂದು ಡ್ರೈವರ್ ರೇಗಿದ.

ಸೇತುವೆ ಪಕ್ಕದ ಆಸ್ಪತ್ರೆಗೆ ಐದೇ ನಿಮಿಷ, ಆದರೆ ಅದು ಲಿಸ್ಟಿನಲ್ಲಿ ಇರಲಿಲ್ಲ. ಇದ್ದದ್ದು ಊರಾಚೆ. ಅಲ್ಲಿಗೇ ಹೋಗಿ ಎಂದೆ. ಟ್ರಾಫಿಕ್‌ನಲ್ಲಿ ಐವತ್ತು ನಿಮಿಷ ಹಿಡಿಯಿತು. "ಒಂದೊಂದು ನಿಮಿಷಾನೂ ಮುಖ್ಯ ಇತ್ತಮ್ಮ" ಎಂದರು ಅಲ್ಲಿಯ ಡಾಕ್ಟರ್, ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಮೊನ್ನೆ ಇನ್ಶೂರೆನ್ಸ್ ಹೆಲ್ಪ್‌ಲೈನಿಗೆ ಫೋನ್ ಮಾಡಿದೆ. ಆ ಹುಡುಗಿ ತುಂಬಾ ಮೆತ್ತಗೆ, "ನಿಮ್ಮ ಪಾಲಿಸೀಲಿ ಎಮರ್ಜೆನ್ಸಿಗೆ ಯಾವ ಆಸ್ಪತ್ರೆ ಆದ್ರೂ ನಡೀತಿತ್ತು ಮೇಡಂ. ಇನ್ನೇನಾದ್ರೂ ಸಹಾಯ ಬೇಕಾ?" ಎಂದಳು. ನಾನು ಥ್ಯಾಂಕ್ಯೂ ಎಂದೆ ಅಕ್ಕ. ಥ್ಯಾಂಕ್ಯೂ!

ಕಾಲೇಜ್ ಬಸ್ ಸೇತುವೆ ದಾಟುವಾಗ ಕಣ್ಣು ಮುಚ್ಚಿಕೊಳ್ಳುತ್ತೇನೆ. ಮುಚ್ಚಿದರೂ ಆ ಆಸ್ಪತ್ರೆಯ ಗೇಟು ಕಾಣುತ್ತದೆ. ಲ್ಯಾಬಿನಲ್ಲಿ, ಲೆಕ್ಚರ್ ಮಧ್ಯೆ, ಹಲ್ಲುಜ್ಜುವಾಗ ಕೂಡ. ವಾಚ್‌ಮನ್ ಅದನ್ನು ಅಗಲಕ್ಕೆ ತೆರೆದು, ನಮಗಾಗಿಯೇ ಪಕ್ಕಕ್ಕೆ ಸರಿದು ನಿಂತಿರುತ್ತಾನೆ.

ಭಾವನಿಗೆ ನಮಸ್ಕಾರ. ಪಾಪು ನೂರು ವರ್ಷ ಬಾಳಲಿ, ಬೇಗ ಮಾತು ಕಲಿಯಲಿ. ಅಮ್ಮನಿಗೆ ಈ ಕಾಗದದ ವಿಷಯ ಹೇಳಬೇಡ.

ನಿನ್ನ
ಗುಬ್ಬಿ

ತಾ.ಕ.: ಒಂದನ್ನು ಬರೆಯದೆ ಬಿಟ್ಟಿದ್ದೆ. ಸೇತುವೆ ಹತ್ತಿರ ಬಂದಾಗ ಅಪ್ಪನಿಗೆ ಇನ್ನೂ ಮಾತಿತ್ತು. ತೊದಲುತ್ತಲೇ, "ಇಲ್ಲೇ ನಿಲ್ಸು ಮಗಳೇ" ಎಂದರು. ಡ್ರೈವರ್ ಸ್ಲೋ ಮಾಡಿ ಕನ್ನಡಿಯಲ್ಲಿ ನನ್ನನ್ನು ನೋಡಿದ. ನಾನು, "ಅವ್ರಿಗೇನೂ ಗೊತ್ತಾಗ್ತಿಲ್ಲ, ನೀವು ಹೋಗಿ" ಎಂದೆ. ಅಪ್ಪ ನನ್ನ ಮುಖ ನೋಡಿದರು. ಆಮೇಲೆ ಮಾತಾಡಿಲ್ಲ.