ನಿನ್ನ ಅತ್ತೆಯ ಮೈಬಿಸಿ

ಕುರ್ತಕೋಟಿ
ತಾ. ೨೫ ನವೆಂಬರ್ ೧೯೫೬

ಚಿ. ಸೌ. ನೀಲಗಂಗವ್ವನಿಗೆ ಸೋದರಮಾವ ತಿರಕಪ್ಪನ ಆಶೀರ್ವಾದ.

ನೀನು ಮುಂಡರಗಿಯಿಂದ ಬರೆದ ಕಾಗದ ದೀಪಾವಳಿಗೇ ಬಂದಿತ್ತು. ತಡವಾಯಿತೆಂದು ಸಿಟ್ಟಾಗಬೇಡ. ನಾಲ್ಕನೇ ಇಯತ್ತೆ ಕಲಿತ ನಿನ್ನ ಮಾವನಿಗೆ ಈಗ ಪುರಸೊತ್ತಿಲ್ಲ. ರಾಜ್ಯ ಒಂದಾಯಿತಲ್ಲ, ಮುಂಬಯಿಗೆ ಬರೆಯುತ್ತಿದ್ದ ಅರ್ಜಿಯನ್ನು ಬೆಂಗಳೂರಿಗೆ ಹೇಗೆ ಬರೆಯುವುದೆಂದು ಊರೆಲ್ಲ ನನ್ನನ್ನೇ ಕೇಳುತ್ತದೆ. ನನಗೂ ಗೊತ್ತಿಲ್ಲ. ಆದರೆ ಹಾಗೆಂದು ಹೇಳುವುದುಂಟೆ?

ಅತ್ತೆ ಹೇಗಿದ್ದಾಳೆಂದು ಕೇಳಿದ್ದೀ. ಹೆಣ್ಣುಮಕ್ಕಳ ವಿಷಯ ಗಂಡಸು ಬರೆಯಬಾರದು, ಆದರೂ ಬರೆಯುತ್ತೇನೆ.

ಶ್ರಾವಣ ಮುಗಿದ ಮೇಲೆ ನಿನ್ನ ಅತ್ತೆ ಶಂಕ್ರೆವ್ವ ತಿಂಗಳಿಗೊಮ್ಮೆ ಹೊರಗೆ ಕೂಡುವುದು ನಿಂತಿತು. ಕಸ ಹೊಡೆಯುತ್ತಿದ್ದವಳು ಮುಖ ಕೆಂಪಾಗಿ, ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತ ಅಂಗಳಕ್ಕೆ ಓಡುವಳು. ಥಂಡಿಯಲ್ಲೂ ಕೌದಿ ಕಿತ್ತೊಗೆಯುವಳು. ಬೆಳಗ್ಗೆ ನೋಡಿದರೆ ಕುಪ್ಪಸ ಬೆವರಿಗೆ ತೊಯ್ದಿರುತ್ತಿತ್ತು. ಕರು ಮೊಲೆಗೆ ಬಾಯಿ ಹಾಕಿದ್ದು ಕಂಡರೆ ಅಳು, ನಾನು ಕೆಮ್ಮಿದರೆ ಸಿಟ್ಟು. ಎದೆ ಢವಢವ ಅನ್ನುತ್ತದೆ, ಮೊಣಕಾಲು ಹಿಡಿದಿದೆ ಎನ್ನುವಳು. ಸಾರಿಗೆ ಎರಡೆರಡು ಸಲ ಉಪ್ಪು ಬೀಳುತ್ತಿತ್ತು. ಸುಮ್ಮನೆ ಉಂಡೆ. ನಾನೇನು ದಡ್ಡನೇ? ಇಷ್ಟು ವರ್ಷದ ಸಂಸಾರದಲ್ಲಿ ಮೊದಲ ಸಲ ನಿನ್ನ ಅತ್ತೆ ಬಸುರಿ!

ನಮ್ಮವ್ವನಿಗೆ ಹೇಳಿದೆ. ಮುದುಕಿ ನನ್ನ ಗಲ್ಲ ಸವರಿ ಅತ್ತಳು. ರಾಜ್ಯ ಒಂದಾದ ದಿನ ಊರಲ್ಲಿ ಸಕ್ಕರೆ ಹಂಚಿದರು. ಅದರೊಳಗೆ ನಾನೂ ನನ್ನ ಸಕ್ಕರೆ ಬೆರೆಸಿದೆ.

"ಏನಲೇ ತಿರಕ್ಯಾ, ಕರ್ನಾಟಕಾನ ನೀನ ಹಡದಂಗ ಓಡ್ಯಾಡಾಕತ್ತೀಯಲ್ಲ!" ಎಂದ ಗೆಳೆಯ ಮುರ್ತುಜಾ.

"ಹಡಿಯೋದು ಇನ್ನೂ ಐತಿ, ತಡಿ" ಎಂದೆ.

ಬಸುರಿಗೆ ಮಾಡುವ ಕುಬಸದ ಶಾಸ್ತ್ರಕ್ಕೆ ಹಸಿರು ಖಣವನ್ನೂ ತಂದಿಟ್ಟೆ. ಐದನೇ ತಿಂಗಳವರೆಗೆ ಕಾಯಬೇಕೆಂಬ ನೇಮ ಬೇರೆಯವರಿಗೆ. ಶಂಕ್ರೆವ್ವ ಮಾತ್ರ ಹೌದೆನ್ನಲಿಲ್ಲ, ಅಲ್ಲವೆನ್ನಲೂ ಇಲ್ಲ. ನಾಚಿಕೆ ಎಂದುಕೊಂಡೆ.

ಮೊನ್ನೆ ಗದಗಿನ ಹೆಣ್ಣು ಡಾಕ್ಟರರ ಹತ್ತಿರ ಕರೆದೊಯ್ದೆ. ಪರೀಕ್ಷೆ ಮಾಡಿ ನನ್ನನ್ನು ಒಳಗೆ ಕರೆದರು.

"ನಿಮ್ಮ ಮನಿಯವರು ಬಸುರಿ ಅಲ್ರೀ. ಮುಟ್ಟು ನಿಲ್ಲೋ ವಯಸ್ಸು. ಈ ಬಿಸಿ, ಬೆವರು, ಅಳು, ನಿದ್ದಿ ಬರದಿರೋದು ಎಲ್ಲಾ ಅದರಿಂದನ. ರೋಗ ಅಲ್ಲ, ಹೆದರಬ್ಯಾಡ್ರಿ."

"ಔಷಧ ಏನರ?"

"ಹಾಲು ಮೊಸರು ಉಣ್ಣಲಿ, ತೆಳ್ಳನ ಅರಿವಿ ಉಡಲಿ. ಸಿಟ್ಟು ಮಾಡಿದಾಗ ನೀವು ಬಾಯಿ ಮುಚಗೊಂಡಿರ್ರಿ."

"ಅದೊಂದು ಕಷ್ಟ ಐತ್ರಿ" ಎಂದೆ. ಡಾಕ್ಟರರು ನಕ್ಕರು. ಶಂಕ್ರೆವ್ವ ನಗಲಿಲ್ಲ.

ಈಗ ಬೀಸಣಿಕೆ ನನ್ನ ಕೈಯಲ್ಲಿದೆ. ನನ್ನಷ್ಟು ಚೆನ್ನಾಗಿ ಗಾಳಿ ಹಾಕುವ ಗಂಡಸು ಗದಗ ತಾಲೂಕಿನಲ್ಲೇ ಇಲ್ಲ, ಬೇಕಾದರೆ ಅವಳನ್ನೇ ಕೇಳು.

ಅವ್ವನಿಗೆ ಮಾತ್ರ ಇನ್ನೂ ಹೇಳಿಲ್ಲ. ಏಕೀಕರಣದ ಗದ್ದಲದಲ್ಲಿ ಪೊಲೀಸರ ಲಾಠಿಗೆ ಎದೆ ಕೊಟ್ಟವನು ನಾನು. ಆಯಿತು, ಬೆನ್ನು ಕೊಟ್ಟೆ. ಆದರೆ ಆ ಮುದುಕಿಯ ಮುಂದೆ ಬಾಯಿ ಬರುತ್ತಿಲ್ಲ. ಮೊಮ್ಮಗಳು ನೀನೆಂದರೆ ಅವಳಿಗೆ ಜೀವ. ನಿನ್ನ ಗಂಡ ಈಶಪ್ಪನಿಗೆ ಹೇಳಿ ನಾಲ್ಕು ದಿನ ಬಂದು ಹೋಗು. ನೀನು ಹೇಳು, ನಾನು ಧೈರ್ಯಕ್ಕೆ ನಿನ್ನ ಹಿಂದೆ ನಿಂತಿರುತ್ತೇನೆ.

ನಿನ್ನ ಮನೆ ತಂಪಾಗಿರಲಿ, ನಿನ್ನ ಮಕ್ಕಳು ಮಾವನಷ್ಟು ಜಾಣರಾಗಲಿ.

ನಿನ್ನ ಮಾವ
ತಿರಕಪ್ಪ

ತಾ.ಕ.: ಗದಗಿನಿಂದ ತಿರುಗಿ ಬರುವಾಗ ಚಕ್ಕಡಿಯಲ್ಲಿ ಕೇಳಿದೆ, "ನಿನಗ ಮೊದಲ ಗೊತ್ತಿತ್ತೇನು?"

"ಗೊತ್ತಿತ್ರಿ. ನಮ್ಮವ್ವಗೂ ಹಿಂಗ ಆಗಿತ್ತು."

"ಮತ್ತ ಯಾಕ ಹೇಳಲಿಲ್ಲ?"

"ಅತ್ತಿಯವರು ನನ್ನ ಬಂಜಿ ಅಂತನ ಕರೀತಿದ್ರು. ಈಗ 'ಶಂಕ್ರೆವ್ವಾ, ನೀ ಕುಂಡ್ರು, ನಾ ರೊಟ್ಟಿ ಬಡೀತೀನಿ' ಅಂತಾರ್ರಿ. ಇನ್ನೊಂದು ನಾಕು ದಿನ ಇರಲಿ ಅಂತ ಸುಮ್ಮನಿದ್ದೆ."

ಜಲ್ದಿ ಬಾ, ನೀಲವ್ವಾ. ಇವತ್ತೂ ಅವ್ವನೇ ರೊಟ್ಟಿ ಬಡಿದಳು.